ಕೇಳುವ ಅಧಿಕಾರ, ತಡೆದಿಡುವ ಅಧಿಕಾರ: ಅರಿಝೋನಾದ ವಲಸೆ ಕಾನೂನು ಕುರಿತು

(ಕಾನೂನು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರದಲ್ಲಿ ಒಬ್ಬ ವ್ಯಕ್ತಿ ನಿಗದಿಯಾದ ಜಾಗ ಬಿಟ್ಟು ಬೇರೆ ಕಡೆ ರಸ್ತೆ ದಾಟುತ್ತಾನೆ. ಅಲ್ಲಿ ಅದು ದಂಡ ಬೀಳುವಂಥ ಸಣ್ಣ ತಪ್ಪು. ಪೊಲೀಸ್ ಅಧಿಕಾರಿ ಅವನನ್ನು ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಾರೆ. ಅವನ ಜೇಬಿನಲ್ಲಿ ಏನೂ ಇಲ್ಲ. ಸಾಮಾನ್ಯವಾಗಿ ಒಂದು ಎಚ್ಚರಿಕೆಯ ಮಾತಿನಲ್ಲೋ ದಂಡದ ಚೀಟಿಯಲ್ಲೋ ಇದು ಮುಗಿದುಹೋಗಬೇಕು. ಆದರೆ ಈ ಮನುಷ್ಯ ದೇಶದಲ್ಲಿ ಅನುಮತಿಯಿಲ್ಲದೆ ನೆಲೆಸಿರಬಹುದೆಂಬ ಶಂಕೆ ಅಧಿಕಾರಿಗೆ ಬಂದರೆ, ಅದು ನಿವಾರಣೆಯಾಗುವವರೆಗೂ ಅವನನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಬಹುದೇ? ಹತ್ತು ನಿಮಿಷವೇ, ಒಂದು ಗಂಟೆಯೇ, ಠಾಣೆಗೆ ಕರೆದೊಯ್ದು ರಾತ್ರಿಯಿಡೀ ಕೂರಿಸುವಷ್ಟು ಹೊತ್ತೇ? ಟೂಸಾನ್‌ನಲ್ಲಿ ರಸ್ತೆ ದಾಟಿದ ಈ ವ್ಯಕ್ತಿ ನನ್ನ ಕಲ್ಪನೆಯವನಲ್ಲ. 2012ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ ನ್ಯಾಯಮೂರ್ತಿ ಆಂಟನಿ ಕೆನಡಿ ಅವರು ಕೊಟ್ಟ ಉದಾಹರಣೆಯಿಂದ ಅವನನ್ನು ಕರೆತಂದಿದ್ದೇನೆ. ರಾಜ್ಯದ ಪೊಲೀಸರು ಒಬ್ಬರ ವಲಸೆ ಸ್ಥಿತಿಯನ್ನು ವಿಚಾರಿಸಬಹುದೇ ಎಂಬುದರ ಬಗ್ಗೆ ಬಹಳ ಚರ್ಚೆ ನಡೆದಿದೆ. ವಿಚಾರಿಸುವ ಹೆಸರಿನಲ್ಲಿ ಅವರನ್ನು ಎಷ್ಟು ಹೊತ್ತು ತಡೆದಿಡಬಹುದು ಎಂಬುದರ ಬಗ್ಗೆ ಅಷ್ಟು ಚರ್ಚೆ ನಡೆದಿಲ್ಲ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಮುಖ್ಯವೆಂದು ನಾನು ನಂಬಿದ್ದೇನೆ, ಆದ್ದರಿಂದ ಇಂದು ಅದರ ಸುತ್ತಲೇ ಮಾತನಾಡುತ್ತೇನೆ.

ಅರಿಝೋನಾದ ಗವರ್ನರ್ ಜಾನ್ ಬ್ರೂಯರ್ ಅವರು 2010ರ ಏಪ್ರಿಲ್ 23ರಂದು ಸಹಿ ಹಾಕಿದ ಕಾನೂನನ್ನು ಅದರ ಮಸೂದೆಯ ಸಂಖ್ಯೆಯಿಂದಲೇ ಎಲ್ಲರೂ ಗುರುತಿಸುತ್ತಾರೆ: ಎಸ್‌ಬಿ 1070. ಅದನ್ನು ಮಂಡಿಸಿದವರು ರಾಜ್ಯ ಸೆನೆಟರ್ ರಸಲ್ ಪಿಯರ್ಸ್. ಈ ಕಾನೂನು ಬರಿಯ ದ್ವೇಷದಿಂದ ಹುಟ್ಟಿತೆಂದು ಹೇಳಿಬಿಟ್ಟರೆ ಅರಿಝೋನಾದ ಜನರಿಗೆ ಅನ್ಯಾಯವಾಗುತ್ತದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಮತ್ತು ಟೆಕ್ಸಾಸಿನ ಎಲ್ ಪಾಸೊ ಬಳಿ ಕೇಂದ್ರ ಸರ್ಕಾರ ಗಡಿ ಕಾವಲನ್ನು ಬಿಗಿಗೊಳಿಸಿದಾಗ, ಮೆಕ್ಸಿಕೋದಿಂದ ಕದ್ದು ಬರುವವರ ದಾರಿ ನಡುವಿನ ಅರಿಝೋನಾ ಮರುಭೂಮಿಗೆ ತಿರುಗಿತು. ಮುಂದೆ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಆ ರಾಜ್ಯದಲ್ಲಿ ಸಿಕ್ಕಿಬೀಳತೊಡಗಿದರು. ಫೀನಿಕ್ಸ್ ನಗರದ ದಕ್ಷಿಣಕ್ಕೆ ಹೆದ್ದಾರಿಯ ಪಕ್ಕದಲ್ಲಿ, ಮುಂದಿನ ಪ್ರದೇಶದಲ್ಲಿ ಕಳ್ಳಸಾಗಣೆ ನಡೆಯುತ್ತದೆ, ಶಸ್ತ್ರಧಾರಿಗಳು ಎದುರಾಗಬಹುದು, ಹೋಗಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸುವ ಫಲಕಗಳಿದ್ದವು. ಸುಪ್ರೀಂ ಕೋರ್ಟ್ ಕೂಡ ತನ್ನ ತೀರ್ಪಿನಲ್ಲಿ ಅವುಗಳನ್ನು ಪ್ರಸ್ತಾಪಿಸಿದೆ. 2010ರ ಮಾರ್ಚ್ ಕೊನೆಯಲ್ಲಿ ಗಡಿ ಸಮೀಪದ ಒಬ್ಬ ಜಾನುವಾರು ಸಾಕಣೆದಾರರು ತಮ್ಮ ಜಮೀನಿನಲ್ಲಿಯೇ ಕೊಲೆಯಾದರು. ವಾಷಿಂಗ್ಟನ್ ತನ್ನ ಕೆಲಸ ಮಾಡುತ್ತಿಲ್ಲ, ಹಾಗಾಗಿ ನಾವೇ ಮಾಡುತ್ತೇವೆ ಎಂಬ ಮಾತಿಗೆ ಆ ರಾಜ್ಯದಲ್ಲಿ ದೊಡ್ಡ ಬೆಂಬಲವಿತ್ತು.

ಕಾನೂನಿನ ನಾಲ್ಕು ಕಲಂಗಳು ನ್ಯಾಯಾಲಯದ ಮುಂದೆ ವಿವಾದಕ್ಕೆ ಬಂದವು. ವಿದೇಶಿಯರು ನೋಂದಣಿ ದಾಖಲೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳದಿರುವುದನ್ನು 3ನೇ ಕಲಂ ರಾಜ್ಯದ ಅಪರಾಧವನ್ನಾಗಿ ಮಾಡಿತು. ಪರವಾನಗಿ ಇಲ್ಲದ ವಲಸಿಗರು ಕೆಲಸ ಮಾಡುವುದಿರಲಿ, ಕೆಲಸ ಹುಡುಕುವುದನ್ನೂ 5(ಸಿ) ಕಲಂ ಅಪರಾಧವೆಂದಿತು. ದೇಶದಿಂದ ಹೊರಹಾಕಬಹುದಾದ ತಪ್ಪು ಮಾಡಿದ್ದಾರೆಂದು ನಂಬಲು ಕಾರಣವಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಲು 6ನೇ ಕಲಂ ಪೊಲೀಸರಿಗೆ ಅವಕಾಶ ಕೊಟ್ಟಿತು. ನಾಲ್ಕನೆಯದು 2(ಬಿ). ಬೇರೆ ಯಾವುದೋ ನ್ಯಾಯಬದ್ಧ ಕಾರಣಕ್ಕೆ ಒಬ್ಬರನ್ನು ನಿಲ್ಲಿಸಿದಾಗ, ತಡೆದಾಗ ಅಥವಾ ಬಂಧಿಸಿದಾಗ, ಅವರು ಅಕ್ರಮವಾಗಿ ದೇಶದಲ್ಲಿದ್ದಾರೆಂಬ ಸಕಾರಣ ಶಂಕೆ ಮೂಡಿದರೆ, ಅವರ ವಲಸೆ ಸ್ಥಿತಿಯನ್ನು ತಿಳಿಯಲು ಪೊಲೀಸರು ಸಮಂಜಸ ಪ್ರಯತ್ನ ಮಾಡಲೇಬೇಕು ಎಂದು ಅದು ವಿಧಿಸಿತು. ಇಲ್ಲಿ 'ಮಾಡಬಹುದು' ಎಂದಿಲ್ಲ, 'ಮಾಡಬೇಕು' ಎಂದಿದೆ. ಬಂಧಿತರಾದವರನ್ನು ಬಿಡುವ ಮುನ್ನ ಅವರೆಲ್ಲರ ಸ್ಥಿತಿಯನ್ನೂ ಖಚಿತಪಡಿಸಿಕೊಳ್ಳಬೇಕೆಂದು ಅದರ ಮುಂದಿನ ವಾಕ್ಯ ಹೇಳಿತು.

ಕಾನೂನು ಜಾರಿಗೆ ಬರಬೇಕಾಗಿದ್ದ ಹಿಂದಿನ ದಿನ, 2010ರ ಜುಲೈ 28ರಂದು, ಫೆಡರಲ್ ಜಿಲ್ಲಾ ನ್ಯಾಯಾಧೀಶೆ ಸೂಸನ್ ಬೋಲ್ಟನ್ ಅವರು ಈ ನಾಲ್ಕೂ ಕಲಂಗಳಿಗೆ ತಡೆ ನೀಡಿದರು. ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಅಲ್ಲಿ 3, 5(ಸಿ) ಮತ್ತು 6ನೇ ಕಲಂಗಳು ಬಿದ್ದುಹೋದವು, 2(ಬಿ) ಮಾತ್ರ ಉಳಿಯಿತು.

ನಮ್ಮಲ್ಲಿ ಸಂವಿಧಾನದ ಏಳನೇ ಅನುಸೂಚಿ ತೆರೆದರೆ ಪೌರತ್ವ, ವಿದೇಶಿಯರು, ದೇಶಕ್ಕೆ ಪ್ರವೇಶ, ಗಡೀಪಾರು ಇವೆಲ್ಲ ಕೇಂದ್ರದ ಪಟ್ಟಿಯಲ್ಲಿ ಅಚ್ಚಾಗಿವೆ. ಪೊಲೀಸ್ ವ್ಯವಸ್ಥೆ ರಾಜ್ಯದ ಪಟ್ಟಿಯಲ್ಲಿದೆ. ಅಮೆರಿಕದ ಸಂವಿಧಾನದಲ್ಲಿ ಇಂಥ ಪಟ್ಟಿ ಇಲ್ಲ. ಪೌರತ್ವ ನೀಡಿಕೆಗೆ ಏಕರೂಪದ ನಿಯಮ ಮಾಡುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಇದೆ ಎಂದಷ್ಟೇ ಅದು ಹೇಳುತ್ತದೆ, ಉಳಿದ ಗೆರೆಗಳನ್ನು ನ್ಯಾಯಾಲಯಗಳೇ ಒಂದೊಂದಾಗಿ ಎಳೆಯಬೇಕಾಯಿತು. 1870ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಅಧಿಕಾರಿ ಹಡಗಿನಿಂದ ಇಳಿಯುವ ಪ್ರಯಾಣಿಕರನ್ನು ನೋಡಿ, ಯಾರು ನಡತೆಗೆಟ್ಟವರೆಂದು ತಾನೇ ತೀರ್ಮಾನಿಸಿ, ಅಂಥವರಿಗೆ ಮುಚ್ಚಳಿಕೆ ಕೊಡಬೇಕೆಂದು ಒತ್ತಾಯಿಸುತ್ತಿದ್ದ. ಚೀನಾದಿಂದ ಬಂದ ಹೆಣ್ಣುಮಕ್ಕಳು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಆ ರಾಜ್ಯ ಕಾನೂನನ್ನೇ ರದ್ದು ಮಾಡಿತು. ಒಬ್ಬ ರಾಜ್ಯ ಅಧಿಕಾರಿಯ ದುಡುಕಿನಿಂದ ಇಡೀ ದೇಶ ಮತ್ತೊಂದು ದೇಶದ ಜೊತೆ ಜಗಳಕ್ಕೆ ಬೀಳುವಂತಾಗಬಾರದು ಎಂಬುದು ಅದರ ತರ್ಕದ ಮುಖ್ಯ ಎಳೆ. ಪೆನ್ಸಿಲ್ವೇನಿಯಾ ರಾಜ್ಯ 1939ರಲ್ಲಿ ತಂದ ತನ್ನದೇ ವಿದೇಶಿಯರ ನೋಂದಣಿ ಪದ್ಧತಿಯ ಬಗ್ಗೆ 1941ರಲ್ಲಿ ತೀರ್ಪು ಕೊಡುವಾಗಲೂ, ಕೇಂದ್ರವೇ ಹಿಂದಿನ ವರ್ಷ ಪೂರ್ಣ ಪದ್ಧತಿ ತಂದಿರುವಾಗ ಅದರ ಮೇಲೆ ರಾಜ್ಯ ಇನ್ನೊಂದನ್ನು ಹೇರುವಂತಿಲ್ಲ ಎಂದಿತು. ಅರಿಝೋನಾದ 3ನೇ ಕಲಂ ಬಿದ್ದುಹೋದದ್ದು ಬಹುಮಟ್ಟಿಗೆ ಈ ಹಳೆಯ ತೀರ್ಪಿನಿಂದಲೇ. 5(ಸಿ) ಕಲಂ ನಿಲ್ಲದಿರಲು ಕಾರಣ ಬೇರೆ: 1986ರ ಕಾಯ್ದೆಯಲ್ಲಿ ಕಾಂಗ್ರೆಸ್ ದಂಡನೆಯನ್ನು ಕೆಲಸ ಕೊಡುವ ಮಾಲೀಕರ ಮೇಲೆ ಹೊರಿಸಿತ್ತು, ಕೆಲಸ ಹುಡುಕುವ ಬಡವನನ್ನು ಜೈಲಿಗೆ ಹಾಕುವ ದಾರಿಯನ್ನು ಯೋಚಿಸಿಯೇ ಬಿಟ್ಟಿತ್ತು.

6ನೇ ಕಲಂ ರದ್ದಾದದ್ದರ ಹಿಂದಿನ ತತ್ತ್ವವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗಡಿಯಲ್ಲಿ ತಪಾಸಣೆ ತಪ್ಪಿಸಿ ಒಳನುಗ್ಗುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಆದರೆ ವೀಸಾ ಅವಧಿ ಮುಗಿದ ಮೇಲೂ ಉಳಿದುಕೊಳ್ಳುವಂಥದ್ದು, ಗಡೀಪಾರಿಗೆ ಗುರಿಯಾಗಬಲ್ಲ ವ್ಯಕ್ತಿ ದೇಶದೊಳಗೆ ಇರುವುದು, ಸಾಮಾನ್ಯ ನಿಯಮದಂತೆ ಅಪರಾಧವಲ್ಲ. ಅದು ಸಿವಿಲ್ ಉಲ್ಲಂಘನೆ. ಅದಕ್ಕೆ ಪರಿಹಾರ ವಲಸೆ ನ್ಯಾಯಾಧಿಕರಣದ ಮುಂದಿನ ವಿಚಾರಣೆ, ಸಾಮಾನ್ಯವಾಗಿ ನೋಟಿಸ್‌ನಿಂದ ಶುರುವಾಗುವಂಥದ್ದು. ಪೊಲೀಸರು ಒಬ್ಬರನ್ನು ತಡೆಯುವ ಅಧಿಕಾರ ನಿಂತಿರುವುದು ಅಪರಾಧದ ಶಂಕೆಯ ಮೇಲೆ. ಅಪರಾಧವೇ ಅಲ್ಲದ ಸಂಗತಿಯ ಶಂಕೆಯ ಮೇಲೆ ಅವರು ಕೈಹಿಡಿದು ನಿಲ್ಲಿಸುವುದಾದರೆ ಆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಲೇಬೇಕಾಗುತ್ತದೆ.

ಹಾಗಿದ್ದರೆ 2(ಬಿ) ಹೇಗೆ ಉಳಿಯಿತು? ನ್ಯಾಯಮೂರ್ತಿ ಎಲೆನಾ ಕೇಗನ್ ಅವರು ಪ್ರಕರಣದಿಂದ ಹೊರಗುಳಿದಿದ್ದರಿಂದ ಎಂಟು ಮಂದಿ ಪೀಠದಲ್ಲಿದ್ದರು, ಮತ್ತು ಈ ಕಲಂನ ಮೇಲಿನ ತಡೆಯನ್ನು ಆಗ ಮುಂದುವರಿಸಬೇಕಿಲ್ಲ ಎಂಬ ವಿಷಯದಲ್ಲಿ ಎಂಟೂ ಮಂದಿ ಒಂದಾಗಿದ್ದರು. ಕಾರಣ ಸರಳವಾಗಿದೆ. ರಾಜ್ಯ ಅಥವಾ ಸ್ಥಳೀಯ ಅಧಿಕಾರಿಗಳು ಯಾರದಾದರೂ ವಲಸೆ ಸ್ಥಿತಿಯ ಬಗ್ಗೆ ಕೇಳಿದರೆ ಕೇಂದ್ರದ ವಲಸೆ ಇಲಾಖೆ ಉತ್ತರಿಸಲೇಬೇಕೆಂದು 1996ರಲ್ಲಿ ಕಾಂಗ್ರೆಸ್ಸೇ ಕಾನೂನು ಮಾಡಿದೆ. ಉತ್ತರಿಸಲೆಂದು ವರ್ಮಾಂಟ್ ರಾಜ್ಯದಲ್ಲಿ ಒಂದು ಕೇಂದ್ರವಿದೆ. ಅದು ಹಗಲು ರಾತ್ರಿ ತೆರೆದಿರುತ್ತದೆ. 2009ರ ಒಂದೇ ವರ್ಷದಲ್ಲಿ ಅದು 10 ಲಕ್ಷಕ್ಕೂ ಹೆಚ್ಚು ವಿಚಾರಣೆಗಳಿಗೆ ಉತ್ತರಿಸಿತ್ತು. ಕೇಳಿ ಎಂದು ಕೇಂದ್ರ ಸರ್ಕಾರವೇ ಬಾಗಿಲು ತೆರೆದಿರುವಾಗ ರಾಜ್ಯದ ಪೊಲೀಸರು ಕೇಳಿದ್ದು ಕೇಂದ್ರದ ಅಧಿಕಾರಕ್ಕೆ ಅಡ್ಡಿಯಾಗುತ್ತದೆನ್ನಲು ಬರುವುದಿಲ್ಲ. ಆದರೆ ಕೆನಡಿಯವರು ಇದರ ಜೊತೆಗೇ ಒಂದು ಎಚ್ಚರಿಕೆಯನ್ನು ಬರೆದರು. ನಿಲ್ಲಿಸಿದ ಮೂಲ ಕಾರಣ ಮುಗಿದ ಮೇಲೂ, ಬರೀ ವಲಸೆ ಸ್ಥಿತಿ ತಿಳಿಯಲೆಂದು ಒಬ್ಬರನ್ನು ಹಿಡಿದಿಟ್ಟರೆ ಅದು ಸಂವಿಧಾನದ ಪ್ರಶ್ನೆಯನ್ನು ಎಬ್ಬಿಸುತ್ತದೆ ಎಂದರು. ಟೂಸಾನ್‌ನ ರಸ್ತೆಯಲ್ಲಿ ನಿಂತ ಮನುಷ್ಯ ತೀರ್ಪಿನೊಳಗೆ ಬರುವುದು ಇಲ್ಲಿಯೇ. ಕಾನೂನು ಇನ್ನೂ ಜಾರಿಯಾಗಿಲ್ಲ, ರಾಜ್ಯದ ನ್ಯಾಯಾಲಯಗಳು ಅದನ್ನು ಹೇಗೆ ಅರ್ಥೈಸುತ್ತವೆಯೋ ನೋಡೋಣ ಎಂದು ಕೋರ್ಟ್ ಬಾಗಿಲನ್ನು ಅರ್ಧ ತೆರೆದಿಟ್ಟಿತು.

ಪತ್ರಿಕೆಗಳ ತಲೆಬರಹಗಳಲ್ಲಿ ಇದು 'ಪೊಲೀಸ್ ತಪಾಸಣೆಗೆ ಸುಪ್ರೀಂ ಕೋರ್ಟ್ ಅಸ್ತು' ಎಂದಾಯಿತು. ತೀರ್ಪನ್ನು ಓದಿದವರಿಗೆ ಕಾಣುವುದು ಅಷ್ಟಲ್ಲ. ಜನರಿಗೆ ಗೊತ್ತಾಗಬೇಕಾದ ಇನ್ನೊಂದು ಸಂಗತಿಯೂ ಇದೆ. 2012ರ ಏಪ್ರಿಲ್‌ನ ಮೌಖಿಕ ವಾದದಲ್ಲಿ ಕೇಂದ್ರದ ಸರದಿ ಬಂದ ಕೂಡಲೇ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರು ಕೇಂದ್ರದ ಪರ ವಕೀಲ ಡೊನಾಲ್ಡ್ ವೆರಿಲಿ ಅವರನ್ನು, ನಿಮ್ಮ ವಾದದಲ್ಲಿ ಜನಾಂಗೀಯ ತಾರತಮ್ಯದ ಅಂಶ ಇಲ್ಲ ತಾನೇ ಎಂದು ಕೇಳಿ ಖಚಿತಪಡಿಸಿಕೊಂಡರು. ಇಲ್ಲ ಎಂದೇ ಅವರು ಉತ್ತರಿಸಿದರು. ಬೀದಿಯಲ್ಲಿ ಜನ ಯಾವುದಕ್ಕೆ ಹೆದರುತ್ತಿದ್ದರೋ ಆ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಬರಲೇ ಇಲ್ಲ. ಬಂದದ್ದು ಕೇಂದ್ರ ದೊಡ್ಡದೋ ರಾಜ್ಯ ದೊಡ್ಡದೋ ಎಂಬುದು ಮಾತ್ರ.

ಜನರ ಹೆದರಿಕೆಗೆ ಕಾರಣ 'ಸಕಾರಣ ಶಂಕೆ' ಎಂಬ ಎರಡು ಪದಗಳು. ಗಡಿ ದಾಟಿ ಬಂದದ್ದು ಮುಖದ ಮೇಲೆ ಬರೆದಿರುವುದಿಲ್ಲ. ಹಾಗಾದರೆ ಶಂಕೆ ಮೂಡುವುದು ಯಾವುದರಿಂದ? ಕಾನೂನಿಗೆ ಸಹಿ ಬಿದ್ದ ಒಂದು ವಾರದೊಳಗೆ ಶಾಸನಸಭೆ ತಿದ್ದುಪಡಿ ತಂದು, ಜನಾಂಗ, ಬಣ್ಣ, ಮೂಲದೇಶಗಳನ್ನು 'ಕೇವಲ ಅದೊಂದನ್ನೇ' ಆಧರಿಸಬಾರದು ಎಂದಿದ್ದ ಮಾತಿನಿಂದ 'ಕೇವಲ' ಎಂಬ ಪದವನ್ನು ತೆಗೆದುಹಾಕಿತು. ಇದು ಒಳ್ಳೆಯ ತಿದ್ದುಪಡಿಯೇ. ಆದರೆ ಪೊಲೀಸರಿಗಾಗಿ ಅದೇ ಬೇಸಿಗೆಯಲ್ಲಿ ಸಿದ್ಧವಾದ ತರಬೇತಿಯಲ್ಲಿ ಶಂಕೆಗೆ ಕಾರಣವಾಗಬಹುದಾದ ಅಂಶಗಳು ಯಾವುವೆಂದು ನೋಡಿ: ಗುರುತಿನ ಚೀಟಿ ಇಲ್ಲದಿರುವುದು, ವಾಹನದಲ್ಲಿ ಕಿಕ್ಕಿರಿದು ಕೂತಿರುವುದು, ಗಾಬರಿಗೊಂಡಂತೆ ಕಾಣುವುದು, ಇಂಗ್ಲಿಷ್ ಸರಿಯಾಗಿ ಬಾರದಿರುವುದು, ಸುಡುಬಿಸಿಲಿನಲ್ಲಿಯೂ ಬಟ್ಟೆಯ ಮೇಲೆ ಬಟ್ಟೆ ತೊಟ್ಟಿರುವುದು, ಕೂಲಿ ಹುಡುಕುವವರು ನಿಲ್ಲುವ ಜಾಗದಲ್ಲಿ ನಿಂತಿರುವುದು. ಮರುಭೂಮಿಯಲ್ಲಿ ದಿನಗಟ್ಟಲೆ ನಡೆದು ಬಂದವರು ರಾತ್ರಿಯ ಚಳಿಗೆಂದು ಹಲವು ಪದರ ಬಟ್ಟೆ ತೊಡುತ್ತಾರೆ ಎಂಬ ಅನುಭವದ ಹಿನ್ನೆಲೆ ಇದಕ್ಕಿದ್ದೀತು, ಅಲ್ಲಗಳೆಯುವುದಿಲ್ಲ. ಆದರೆ ಬಡ ಕೂಲಿಕಾರನೂ, ಇಂಗ್ಲಿಷ್ ಬಾರದ ಅಜ್ಜಿಯೂ, ಪೊಲೀಸರನ್ನು ಕಂಡರೆ ಗಾಬರಿಯಾಗುವ ಸಾಮಾನ್ಯನೂ ಈ ಪಟ್ಟಿಯಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಎರಡನೆಯ ತೊಡಕು ಕಂಪ್ಯೂಟರ್‌ನದು, ಇದರ ಬಗ್ಗೆ ಯಾರೂ ಸಾಕಷ್ಟು ಯೋಚಿಸುವುದಿಲ್ಲ. ವರ್ಮಾಂಟ್‌ನ ಆ ಕೇಂದ್ರದ ಬಳಿ ಇರುವುದು ವಿದೇಶಿಯರ ದಾಖಲೆ. ಅಮೆರಿಕದ ನಾಗರಿಕರೆಲ್ಲರ ಒಂದು ರಾಷ್ಟ್ರೀಯ ನೋಂದಣಿ ಪುಸ್ತಕ ಎಂಬುದೇ ಅಲ್ಲಿ ಇಲ್ಲ. ಆದ್ದರಿಂದ ಒಂದು ಹೆಸರನ್ನು ಹುಡುಕಿ 'ದಾಖಲೆ ಸಿಗಲಿಲ್ಲ' ಎಂಬ ಉತ್ತರ ಬಂದರೆ ಅದಕ್ಕೆ ಎರಡು ಅರ್ಥಗಳಿವೆ. ಆ ವ್ಯಕ್ತಿ ಗಡಿ ದಾಟಿ ಯಾರ ಕಣ್ಣಿಗೂ ಬೀಳದೆ ಬಂದವನಿರಬಹುದು, ಅಥವಾ ಫೀನಿಕ್ಸ್ ಆಸ್ಪತ್ರೆಯಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆದ ನಾಗರಿಕನಿರಬಹುದು. ರಸ್ತೆ ಬದಿಯಲ್ಲಿ ನಿಂತ ಅಧಿಕಾರಿಗೆ ಈ ಎರಡರ ನಡುವೆ ಆಯ್ಕೆ ಮಾಡಲು ಅದೇ ಬಟ್ಟೆ, ಭಾಷೆ, ಬಣ್ಣಗಳ ಕಡೆಗೆ ಮತ್ತೆ ನೋಡದೆ ಗತ್ಯಂತರವಿಲ್ಲ. ಅರಿಝೋನಾದ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಕಾನೂನುಬದ್ಧ ವಾಸಿ ಎಂದು ಭಾವಿಸಬೇಕೆಂದು ಕಾನೂನೇ ಹೇಳಿತ್ತು. ಆದರೆ ಆಗ ಪಕ್ಕದ ನ್ಯೂ ಮೆಕ್ಸಿಕೋ ವಲಸೆ ಸ್ಥಿತಿಯನ್ನು ಕೇಳದೆಯೇ ಲೈಸೆನ್ಸ್ ಕೊಡುತ್ತಿದ್ದ ಕಾರಣ, ಆ ರಾಜ್ಯದ ನಾಗರಿಕರ ಲೈಸೆನ್ಸಿಗೂ ಅದೇ ಬೆಲೆ ಸಿಗುತ್ತಿರಲಿಲ್ಲ.

ಅಧಿಕಾರಿಯ ಮೇಲಿನ ಒತ್ತಡವನ್ನೂ ಗಮನಿಸಬೇಕು. ವಲಸೆ ಕಾನೂನಿನ ಜಾರಿಯನ್ನು ಮೊಟಕುಗೊಳಿಸುವ ನೀತಿ ಅನುಸರಿಸುವ ಪೊಲೀಸ್ ಇಲಾಖೆಯ ಮೇಲೆ ರಾಜ್ಯದ ಯಾವುದೇ ಕಾನೂನುಬದ್ಧ ನಿವಾಸಿ ದಾವೆ ಹೂಡಬಹುದು, ದಿನಕ್ಕೆ 500ರಿಂದ 5,000 ಡಾಲರ್‌ವರೆಗೆ ದಂಡ ಬೀಳಬಹುದು ಎಂಬ ವಿಧಿಯೂ ಆ ಕಾನೂನಿನಲ್ಲಿತ್ತು. ಕೇಳಿದರೆ ತಾರತಮ್ಯದ ದೂರು, ಕೇಳದಿದ್ದರೆ ಈ ದಾವೆ. ಗಡಿಗೆ ಹೊಂದಿಕೊಂಡ ಪಿಮಾ ಕೌಂಟಿಯ (ನಮ್ಮ ಜಿಲ್ಲೆಯಂಥ ಘಟಕ) ಶೆರಿಫ್, ಅಂದರೆ ಅಲ್ಲಿನ ಚುನಾಯಿತ ಪೊಲೀಸ್ ಮುಖ್ಯಸ್ಥ, ಕ್ಲಾರೆನ್ಸ್ ಡುಪ್ನಿಕ್ ಅವರಂಥ ಹಿರಿಯ ಪೊಲೀಸರೇ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಕಳ್ಳತನ, ಹಲ್ಲೆ, ಮನೆಯೊಳಗಿನ ಹೊಡೆತ ಇವನ್ನೆಲ್ಲ ಪತ್ತೆಹಚ್ಚಲು ಪೊಲೀಸರಿಗೆ ಸಾಕ್ಷಿ ಹೇಳುವವರು ಬೇಕು. ಗಂಡನ ಕೈಯಲ್ಲಿ ಪೆಟ್ಟು ತಿಂದ ಹೆಂಗಸು ಠಾಣೆಗೆ ಫೋನ್ ಮಾಡುವ ಮುಂಚೆ ತನ್ನ ತಮ್ಮನ ಕಾಗದಪತ್ರಗಳ ಬಗ್ಗೆ ಯೋಚಿಸಬೇಕಾಗಿ ಬಂದರೆ ಅವಳು ಫೋನ್ ಮಾಡುವುದಿಲ್ಲ.

ಅರಿಝೋನಾವನ್ನು ನೋಡಿ ಜಾರ್ಜಿಯಾ, ಯೂಟಾ, ಇಂಡಿಯಾನಾ, ದಕ್ಷಿಣ ಕೆರೊಲಿನಾ ಮತ್ತು ಅಲಬಾಮಾ ರಾಜ್ಯಗಳು 2011ರಲ್ಲಿ ತಮ್ಮದೇ ಕಾನೂನುಗಳನ್ನು ತಂದವು. ಅಲಬಾಮಾದ್ದು ಎಲ್ಲಕ್ಕಿಂತ ಕಠಿಣ. ಆ ವರ್ಷದ ನವೆಂಬರಿನಲ್ಲಿ ಟಸ್ಕಲೂಸಾ ನಗರದ ಬಳಿ ಪೊಲೀಸರು ಸರಿಯಾದ ನಂಬರ್ ಫಲಕವಿಲ್ಲದ ಒಂದು ಬಾಡಿಗೆ ಕಾರನ್ನು ನಿಲ್ಲಿಸಿದರು. ಚಾಲಕನ ಬಳಿ ಇದ್ದದ್ದು ಜರ್ಮನಿಯ ಗುರುತಿನ ಚೀಟಿ ಮಾತ್ರ. ಹೊಸ ಕಾನೂನಿನಂತೆ ಅವರನ್ನು ಬಂಧಿಸಲಾಯಿತು. ಆಮೇಲೆ ತಿಳಿದದ್ದು, ಅವರು ಅದೇ ಜಿಲ್ಲೆಯಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿರುವ ಮರ್ಸಿಡಿಸ್ ಬೆಂಝ್ ಕಾರ್ಖಾನೆಯ ಕೆಲಸಕ್ಕೆಂದು ಬಂದಿದ್ದ ಜರ್ಮನ್ ಮ್ಯಾನೇಜರ್. ಜೊತೆಯವರೊಬ್ಬರು ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ತಂದು ತೋರಿಸಿದ ಮೇಲೆ ಬಿಡುಗಡೆಯಾಯಿತು, ಮುಂದೆ ಆರೋಪವೂ ಕೈಬಿಡಲ್ಪಟ್ಟಿತು. ಈ ಪ್ರಸಂಗ ಜಗತ್ತಿನಾದ್ಯಂತ ಸುದ್ದಿಯಾಯಿತು, ಏಕೆಂದರೆ ಕಾಗದ ತಂದುಕೊಡಲು ಒಂದು ದೊಡ್ಡ ಕಂಪನಿ ಅವರ ಹಿಂದೆ ಇತ್ತು. ಟೊಮೆಟೊ ತೋಟದ ಕೂಲಿಯವನನ್ನು ಹೀಗೆ ಹಿಡಿದಿದ್ದರೆ ಪಾಸ್‌ಪೋರ್ಟ್ ಹಿಡಿದು ಓಡಿ ಬರುವವರು ಯಾರಿದ್ದರು?

ಫೀನಿಕ್ಸ್ ನಗರವಿರುವ ಮಾರಿಕೋಪಾ ಕೌಂಟಿಯ ಕಥೆ ಇದಕ್ಕಿಂತ ಹಳೆಯದು. ಅಲ್ಲಿನ ಶೆರಿಫ್ ಜೋ ಅರ್ಪಾಯೊ ಅವರ ಸಿಬ್ಬಂದಿ 2007ರಲ್ಲಿ ಒಂದು ಕಾರನ್ನು ನಿಲ್ಲಿಸಿದರು. ಒಳಗೆ ಪ್ರಯಾಣಿಕನಾಗಿ ಕೂತಿದ್ದ ಮೆಕ್ಸಿಕೋದ ಪ್ರವಾಸಿಯ ಬಳಿ ಸಿಂಧುವಾದ ವೀಸಾ ಇತ್ತು, ಆದರೂ ಅವರನ್ನು ಗಂಟೆಗಟ್ಟಲೆ ಹಿಡಿದಿಡಲಾಯಿತು. ಅವರು ಹೂಡಿದ ದಾವೆಯಲ್ಲಿ 2013ರ ಮೇ ತಿಂಗಳಲ್ಲಿ ನ್ಯಾಯಾಧೀಶ ಮರ್ರಿ ಸ್ನೋ ಅವರು, ಶೆರಿಫ್ ಕಚೇರಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನರನ್ನು ಗುರಿಯಿಟ್ಟು ನಿಲ್ಲಿಸುತ್ತಿತ್ತು ಮತ್ತು ನಿಲ್ಲಿಸಿದ ಅವಧಿಯನ್ನು ಕಾನೂನುಬಾಹಿರವಾಗಿ ಎಳೆಯುತ್ತಿತ್ತು ಎಂದು ತೀರ್ಪಿತ್ತರು. ನ್ಯಾಯಾಲಯದ ಆದೇಶ ಮೀರಿದ್ದಕ್ಕಾಗಿ 2017ರ ಜುಲೈನಲ್ಲಿ ಅರ್ಪಾಯೊ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಅಪರಾಧಿಯೆಂದು ಘೋಷಿತರಾದರು. ಮರು ತಿಂಗಳೇ ಅಧ್ಯಕ್ಷ ಟ್ರಂಪ್ ಅವರಿಗೆ ಕ್ಷಮಾದಾನ ನೀಡಿದರು. ಗಮನಿಸಿ, ಇಲ್ಲಿ ತಪ್ಪು ಎಂದು ಸಾಬೀತಾದದ್ದರ ಅರ್ಧಭಾಗ ಸಮಯದ ಪ್ರಶ್ನೆಯೇ.

ಈ ಸಮಯದ ಪ್ರಶ್ನೆಗೆ 2015ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಗಟ್ಟಿ ಉತ್ತರ ಕೊಟ್ಟಿತು. ನೆಬ್ರಾಸ್ಕದಲ್ಲಿ ಸಂಚಾರ ನಿಯಮ ಮೀರಿದ ಚಾಲಕನಿಗೆ ಎಚ್ಚರಿಕೆಯ ಚೀಟಿ ಕೊಟ್ಟಾದ ಮೇಲೆ, ಮಾದಕ ವಸ್ತು ಮೂಸುವ ನಾಯಿಗಾಗಿ ಪೊಲೀಸರು ಅವನನ್ನು ಏಳೆಂಟು ನಿಮಿಷ ಹೆಚ್ಚು ಕಾಯಿಸಿದ್ದರು. ನಿಲ್ಲಿಸಿದ ಕೆಲಸ ಮುಗಿದ ಮೇಲೆ, ಹೊಸ ಸಕಾರಣ ಶಂಕೆ ಇಲ್ಲದೆ ಆ ಏಳೆಂಟು ನಿಮಿಷ ಕಾಯಿಸುವ ಅಧಿಕಾರವೂ ಪೊಲೀಸರಿಗೆ ಇಲ್ಲ ಎಂದು ಕೋರ್ಟ್ ಹೇಳಿತು. 2(ಬಿ) ಮೇಲಿನ ತಡೆ 2012ರ ಸೆಪ್ಟೆಂಬರಿನಲ್ಲಿಯೇ ತೆರವಾಗಿತ್ತು. 2016ರಲ್ಲಿ ನಾಗರಿಕ ಹಕ್ಕು ಸಂಘಟನೆಗಳ ಜೊತೆಗಿನ ರಾಜಿಯ ಭಾಗವಾಗಿ ಅರಿಝೋನಾದ ಅಟಾರ್ನಿ ಜನರಲ್ ಮಾರ್ಕ್ ಬ್ರನೋವಿಚ್ ಅವರು ಪೊಲೀಸರಿಗೆ ಲಿಖಿತ ಅಭಿಪ್ರಾಯ ಹೊರಡಿಸಿದರು: ವಲಸೆ ಸ್ಥಿತಿ ತಿಳಿಯಲೆಂದೇ ಯಾರನ್ನೂ ನಿಲ್ಲಿಸಬಾರದು, ಆ ಕಾರಣಕ್ಕೆ ನಿಲುಗಡೆಯನ್ನು ಲಂಬಿಸಬಾರದು. ಕಾನೂನು ಪುಸ್ತಕದಲ್ಲಿ ಉಳಿಯಿತು, ಅದರ ಹಲ್ಲು ಮಾತ್ರ ಸವೆಯಿತು. ಮಸೂದೆ ತಂದ ಪಿಯರ್ಸ್ ಅವರನ್ನು ಅವರ ಕ್ಷೇತ್ರದ ಮತದಾರರು 2011ರ ನವೆಂಬರಿನಲ್ಲಿಯೇ ಮತ ಹಾಕಿ ಸ್ಥಾನದಿಂದ ವಾಪಸ್ ಕರೆಸಿದ್ದರು.

ವಿವಾದ ಅಲ್ಲಿಗೆ ನಿಂತಿಲ್ಲ. 2023ರ ಡಿಸೆಂಬರಿನಲ್ಲಿ ಟೆಕ್ಸಾಸ್ ಗವರ್ನರ್ ಗ್ರೆಗ್ ಅಬಟ್ ಸಹಿ ಹಾಕಿದ ಕಾನೂನು ಕೇಳುವುದನ್ನೂ ತಡೆಯುವುದನ್ನೂ ದಾಟಿ, ಅಕ್ರಮ ಪ್ರವೇಶವನ್ನೇ ರಾಜ್ಯದ ಅಪರಾಧವೆಂದಿತು, ಮೆಕ್ಸಿಕೋಗೆ ಮರಳಿ ಹೋಗೆಂದು ಆದೇಶಿಸುವ ಅಧಿಕಾರವನ್ನು ರಾಜ್ಯದ ನ್ಯಾಯಾಧೀಶರಿಗೆ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶ ಡೇವಿಡ್ ಎಝ್ರಾ ಅದಕ್ಕೆ ತಡೆ ನೀಡಿದಾಗ ಆಧಾರವಾಗಿ ನಿಂತದ್ದು ಅದೇ 2012ರ ತೀರ್ಪು. ಮುಂದಿನ ತಿಂಗಳು ಆ ಕಾನೂನು ಕೆಲವು ಗಂಟೆಗಳ ಕಾಲ ಜಾರಿಯಲ್ಲಿದ್ದು, ಅದೇ ರಾತ್ರಿ ಮೇಲ್ಮನವಿ ನ್ಯಾಯಾಲಯದಿಂದ ಮತ್ತೆ ತಡೆಗೊಳಗಾಯಿತು. ಕೆಲವು ಗಂಟೆಗಳಿಗಾದರೂ ಗಡಿಯ ಊರುಗಳ ಪೊಲೀಸರಿಗೆ ತಮ್ಮ ಅಧಿಕಾರ ಎಷ್ಟು ಎಂದು ತಿಳಿಯದ ಸ್ಥಿತಿ ಉಂಟಾದದ್ದು ನನಗೆ ಬಹಳ ಕಳವಳದ ಸಂಗತಿಯಾಗಿ ಕಂಡಿತು.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು ನಿಂತರು. "ಸರ್, ನನ್ನ ಮಗಳು ಫೀನಿಕ್ಸ್ ಹತ್ತಿರ ಇದ್ದಾಳೆ. ಬಾಣಂತನಕ್ಕೆ ಅಂತ ಆರು ತಿಂಗಳು ಹೋಗ್ತಾ ಇದ್ದೀನಿ. ಬೆಳಗ್ಗೆ ವಾಕಿಂಗ್ ಹೋಗುವಾಗ ಪಾಸ್‌ಪೋರ್ಟ್ ಇಟ್ಕೊಂಡು ಹೋಗಬೇಕಾ? ಕಳೆದುಹೋದರೆ ಏನು ಮಾಡೋದು?" ಎಂದು ಕೇಳಿದರು. ಇಡೀ ಸಭೆಯಲ್ಲಿ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬರಲಿಲ್ಲ. ಅವರ ಮುಖದಲ್ಲಿ ಇದ್ದ ಆತಂಕಕ್ಕೆ ಕಾರಣವೂ ಇತ್ತು. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲೆಂದು ಗುಜರಾತಿನಿಂದ ಬಂದಿದ್ದ 57 ವರ್ಷದ ಒಬ್ಬರು ಮಗನ ಮನೆಯ ಮುಂದಿನ ಬೀದಿಯಲ್ಲಿ ನಡೆದಾಡುತ್ತಿದ್ದಾಗ, ಯಾರೋ ಕೊಟ್ಟ ದೂರಿನ ಮೇಲೆ ಬಂದ ಪೊಲೀಸ್ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿ, ಬೆನ್ನುಹುರಿಗೆ ಪೆಟ್ಟಾದ ಘಟನೆ ಅವರಿಗೆ ನೆನಪಿತ್ತು. ಅದು ವಲಸೆ ತಪಾಸಣೆಯಾಗಿರಲಿಲ್ಲ, ಆದರೆ ಇಂಗ್ಲಿಷ್ ಬಾರದ ಹಿರಿಯರ ಪಾಲಿಗೆ ರಸ್ತೆ ಬದಿಯ ಆ ಕ್ಷಣ ಒಂದೇ ಬಗೆಯದು.

ನಾನು ಹೇಳಿದ್ದು ಇಷ್ಟು. "ಅಮ್ಮ, ಹದಿನೆಂಟು ತುಂಬಿದ ವಿದೇಶಿಯರು ನೋಂದಣಿ ದಾಖಲೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂದು ಅವರ ಕೇಂದ್ರ ಕಾನೂನೇ ಹೇಳುತ್ತದೆ, ಆದ್ದರಿಂದ ಬರಿಗೈಯಲ್ಲಿ ಹೋಗಬೇಡಿ. ನಿಮ್ಮಂಥ ಪ್ರವಾಸಿಗರಿಗೆ ಆ ದಾಖಲೆ ಐ-94 ಎಂಬ ಪ್ರವೇಶ ದಾಖಲೆ. ಮಗಳಿಗೆ ಹೇಳಿ ಅದನ್ನು ಅಂತರ್ಜಾಲದಿಂದ ಮುದ್ರಿಸಿಕೊಳ್ಳಿ, ಪಾಸ್‌ಪೋರ್ಟಿನ ಜೊತೆ ಒಂದು ಸಣ್ಣ ಚೀಲದಲ್ಲಿ ಇಟ್ಟುಕೊಳ್ಳಿ. ಎಲ್ಲ ಪುಟಗಳ ಫೋಟೋ ಮಗಳ ಫೋನಿನಲ್ಲಿಯೂ ಇರಲಿ, ಕಳೆದುಹೋದರೆ ಅದೇ ಆಧಾರ. ಮಗಳ ಫೋನ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಪೊಲೀಸರು ನಿಲ್ಲಿಸಿದರೆ ಓಡಬೇಡಿ, ಕೈ ಕಾಣುವಂತೆ ನಿಲ್ಲಿ, ಹೆಸರು ಸರಿಯಾಗಿ ಹೇಳಿ. ಆಮೇಲೆ, ನಾನು ಹೋಗಬಹುದೇ ಎಂದು ಕೇಳುವ ಒಂದು ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಅದನ್ನು ಕೇಳುವ ಹಕ್ಕು ನಿಮಗೆ ಇದೆ." ಅವರು ಚೀಲದಿಂದ ಒಂದು ಹಳೆಯ ಡೈರಿ ತೆಗೆದು, ಆ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಹೇಳಲು ಕೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡರು.